ಯಾರೂ ಮೂಗು ಮುಚ್ಚಲಿಲ್ಲ

ಆ ಮನೆಯಲ್ಲಿ ಮೂಗು ಮುಚ್ಚಿಕೊಳ್ಳುವುದು ಬಾಗಿಲು ಮುಚ್ಚಿಕೊಳ್ಳುವಷ್ಟೇ ಸಹಜವಾದ ಕೆಲಸ. ಬೀದಿಗೆ ಮುಖಮಾಡಿ ಫೋಟೋ ಸ್ಟುಡಿಯೋ, ಅದರ ಬೆನ್ನಿಗೆ ಡಾರ್ಕ್‌ರೂಮು, ಡಾರ್ಕ್‌ರೂಮಿನ ಬೆನ್ನಿಗೆ ಅಡುಗೆಮನೆ, ಕೊನೆಗೆ ತಗಡು ಹೊದಿಸಿದ ಹಿಂಜಗಲಿ. ಮನೆಯ ಹಿರಿಯಾಕೆ ಹಿಂಜಗಲಿಯಲ್ಲಿ ತನ್ನ ತಟ್ಟೆಗಳನ್ನು ಹರಡಿದಳೆಂದರೆ ಕೊಳೆತ ಮೊಟ್ಟೆಯ ನಾತ ಅಡುಗೆಮನೆಯನ್ನು ಹಾದು, ಊಟದ ಮೇಜನ್ನು ಸುತ್ತಿ, ಮುಂದಿನ ಕೋಣೆಯಲ್ಲಿ ನಗಲು ತಯಾರಾಗಿ ಕೂತ ಗಿರಾಕಿಯವರೆಗೂ ಹೋಗುತ್ತಿತ್ತು. ಗಿರಾಕಿ ನಗುವುದನ್ನು ಬಿಟ್ಟು ಪಕ್ಕದಲ್ಲಿ ಕೂತವರನ್ನು ಅನುಮಾನದಿಂದ ನೋಡುತ್ತಿದ್ದ.

ಆಕೆಯನ್ನು ಬೀದಿಯವರೆಲ್ಲ ಬಣ್ಣದಮ್ಮ ಎನ್ನುತ್ತಿದ್ದರು. ಗಂಡ, ಅಂದರೆ ಸ್ಟುಡಿಯೋದ ಯಜಮಾನರು, ಕಪ್ಪು-ಬಿಳುಪು ಫೋಟೋ ತೆಗೆದು, ಡಾರ್ಕ್‌ರೂಮಿನಲ್ಲಿ ಕಾಗದದ ಮೇಲೆ ಮೂಡಿಸಿ ಕೊಟ್ಟರೆ ಅಲ್ಲಿಗೆ ಅವರ ಕೆಲಸ ಮುಗಿಯಿತು. ಅದಕ್ಕೆ ಕಂದು ಬಣ್ಣ ಕೊಡುವ ಟೋನಿಂಗ್ ಕೆಲಸ ಮದುವೆಯಾಗಿ ಬಂದಂದಿನಿಂದ ಹೆಂಡತಿಯದು. ಪ್ರಿಂಟನ್ನು ಮೊದಲ ತಟ್ಟೆಯಲ್ಲಿ ಮುಳುಗಿಸಿದರೆ ಚಿತ್ರ ಬಿಳಿಚಿಕೊಂಡು, ಒಣಹುಲ್ಲಿನ ಬಣ್ಣದ ಒಂದು ನೆರಳು ಮಾತ್ರ ಉಳಿಯುತ್ತದೆ. ಅದನ್ನು ಚೆನ್ನಾಗಿ ತೊಳೆದು ಎರಡನೆಯ ತಟ್ಟೆಯ ಸಲ್ಫೈಡ್ ನೀರಿಗೆ ಇಳಿಸಿದರೆ ಹೋದ ಮುಖ ಕಂದು ಬಣ್ಣ ಹೊತ್ತು ಮರಳಿ ಬರುತ್ತದೆ. ಹಾಗೆ ಬಂದದ್ದು ಸುಲಭಕ್ಕೆ ಮಾಸುವುದಿಲ್ಲ. ನಾರುವುದೂ ಆ ಎರಡನೆಯ ತಟ್ಟೆಯೇ.

ಈಗ ಅಂಥ ಫೋಟೋ ಬೇಕೆನ್ನುವವರು ಅಪರೂಪ. ಮಗ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಗುರುತಿನ ಚೀಟಿಗೆ ಬೇಕಾದ ಮುಖಗಳನ್ನು ಪಟಪಟನೆ ಅಚ್ಚುಹಾಕಿ ಕೊಡುತ್ತಿದ್ದ. ಮನೆ ನಡೆಯುತ್ತಿದ್ದುದು ಅದರಿಂದ. ಆದರೂ ಕಂದು ಫೋಟೋ ಬೇಕೆಂದವರು ಎಲ್ಲಿಂದಲೋ ಹುಡುಕಿಕೊಂಡು ಇಲ್ಲಿಗೇ ಬರುತ್ತಿದ್ದರು, ಬಂದಾಗಲೆಲ್ಲ ಮನೆಯಲ್ಲಿ ಅದೇ ಜಗಳ.

"ಅಮ್ಮಾ, ನಾತ ಇಲ್ಲದ ಟೋನರ್ ಬಂದು ಎಷ್ಟೋ ಕಾಲ ಆಯ್ತು. ತರಿಸ್ಲಾ?"

"ನಾತ ಇಲ್ಲ ಅಂದ್ಮೇಲೆ ಬಣ್ಣಾನೂ ಇರಲ್ಲ. ನಿಮ್ಮಪ್ಪ ತೆಗೆದ ಮುಖದ ಮೇಲೆ ಚಹಾ ಚೆಲ್ಲಿದ ಹಾಗಿರುತ್ತೆ."

"ನೀನು ಯಾವತ್ತಾದ್ರೂ ನೋಡಿದ್ದೀಯಾ?"

"ನೋಡೋದೇನಿದೆ ಅದರಲ್ಲಿ?"

ಸೊಸೆ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. "ಬೆಳಗಿಂದ ಊರವರ ಬಾಯೊಳಗೆ ಇಣುಕಿ ಬಂದಿದ್ದೀನಿ. ಮನೇಲಾದ್ರೂ ಮೂಗಿಗೆ ಸುಖ ಬೇಡ್ವಾ?" ಎಂದು ಅಡುಗೆಮನೆಯ ಕಿಟಕಿಯನ್ನು ಧಡ್ಡನೆ ಹಾಕಿಕೊಳ್ಳುತ್ತಿದ್ದಳು. ಮೊಮ್ಮಗಳಿಗೆ ಪಿಟೀಲು ಎಂದೇ ಹೆಸರು ಬಿದ್ದಿತ್ತು. ಒಂದು ರಾಗ ಹಿಡಿದಳೆಂದರೆ ಕುಯ್ಯುತ್ತಲೇ ಇರುವವಳು. ಎರಡು ಬೆರಳಲ್ಲಿ ಮೂಗು ಹಿಡಿದು, "ಅಂಜ್ಜೀ, ಊಂಟಕ್ಕೆ ಬಾಂ," ಎಂದು ಗುಂಯ್‌ಗುಡುತ್ತಿದ್ದಳು. ಯಜಮಾನರಂತೂ ಕರವಸ್ತ್ರವನ್ನೇ ಮುಖಕ್ಕೆ ಕಟ್ಟಿಕೊಂಡು ಊಟಕ್ಕೆ ಕೂರುತ್ತಿದ್ದರು. ಬಣ್ಣದಮ್ಮನಿಗೆ ಇದೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಒಂದು ದಿನವಾದರೂ ಈ ಮನೆಯವರು ಸುಮ್ಮನಿದ್ದರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದಳು.

ಅದೆಲ್ಲ ಜ್ವರಕ್ಕೆ ಮುಂಚಿನ ಮಾತು.

ಚಳಿಗಾಲದ ಶುರುವಿನಲ್ಲಿ ಹಿಡಿದ ಜ್ವರ ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಎದ್ದು ಓಡಾಡುವ ಹೊತ್ತಿಗೆ ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಶಕ್ತಿ ಬಂತು, ಹಸಿವು ಬಂತು, ಮೂಗು ಮಾತ್ರ ಬರಲಿಲ್ಲ. ಮೊದಲು ಗೊತ್ತಾದದ್ದು ಬಚ್ಚಲಲ್ಲಿ. ಹೊಸ ಸೋಪನ್ನು ಮೂಸಿ ನೋಡಿ, ಅಂಗಡಿಯವನು ವಾಸನೆಯಿಲ್ಲದ ಮಾಲು ಕೊಟ್ಟು ಮೋಸ ಮಾಡಿದ್ದಾನೆ ಎಂದು ಬೈದುಕೊಂಡಳು. ಆಮೇಲೆ ಈರುಳ್ಳಿ ಹೆಚ್ಚಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಈರುಳ್ಳಿಯನ್ನು ಮೂಗಿಗೆ ಒತ್ತಿ ಹಿಡಿದಳು. ಬರೀ ತಣ್ಣಗೆ, ಒದ್ದೆ.

ಮಾರನೆಯ ವಾರ ಹಾಲಿಟ್ಟು ಕಿಟಕಿಯಾಚೆ ನೋಡುತ್ತ ನಿಂತಿದ್ದಾಗ ಸೊಸೆ ಓಡಿಬಂದಳು.

"ಅತ್ತೆ! ಹಾಲು ಸೀದು ಕರಕಲಾಗ್ತಿದೆ!"

"ಗೊತ್ತು. ಇಳಿಸೋಕೆ ಬಟ್ಟೆ ಹುಡುಕ್ತಿದ್ದೆ."

ಬಟ್ಟೆ ಅವಳ ಹೆಗಲ ಮೇಲೇ ಇತ್ತು. ಸೊಸೆ ಅದನ್ನು ನೋಡಿದಳು, ತಾನೇ ಸೆರಗಿನಿಂದ ಹಾಲು ಇಳಿಸಿದಳು. ಇಷ್ಟು ಸಲೀಸಾಗಿ ಸುಳ್ಳು ಬಾಯಿಗೆ ಬಂದದ್ದು ಕಂಡು ಬಣ್ಣದಮ್ಮನಿಗೇ ಆಶ್ಚರ್ಯವಾಯಿತು.

ನಿಜ ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಒಲೆ ಹೋಗುತ್ತದೆ, ಅದರ ಹಿಂದೆಯೇ ತಟ್ಟೆಗಳು ಹೋಗುತ್ತವೆ. ನೀವು ಕೂತ್ಕೊಳ್ಳಿ ಅತ್ತೆ, ನಾನು ನೋಡ್ಕೋತೀನಿ ಎಂದು ಯಾರೋ ಒಂದು ಕುರ್ಚಿ ತಂದು ಹಾಕುತ್ತಾರೆ. ಹಾಗೆ ಕುರ್ಚಿಯಲ್ಲಿ ಕೂತವರು ಮತ್ತೆ ಏಳುವುದಿಲ್ಲ. ತನ್ನ ಅತ್ತೆಯನ್ನು ಹಾಗೆ ಕೂರಿಸಿದವಳು ತಾನೇ ಅಲ್ಲವೇ? ಎಷ್ಟು ಪ್ರೀತಿಯಿಂದ ಕೂರಿಸಿದ್ದಳು! ಆ ಮುದುಕಿ ಆಮೇಲೆ ಸಾಯುವವರೆಗೂ ಕೈಬೆರಳುಗಳನ್ನು ಎಣಿಸುತ್ತ ಕೂತಿತ್ತು. ಬಣ್ಣದಮ್ಮನಿಗೆ ಕೂರುವುದಕ್ಕೆ ಮನಸ್ಸಿರಲಿಲ್ಲ.

ತೊಂದರೆಯೇನೆಂದರೆ ಅವಳ ಕೆಲಸ ನಡೆಯುತ್ತಿದ್ದದ್ದೇ ಮೂಗಿನಿಂದ. ಸಲ್ಫೈಡ್ ಹರಳು ಗಾಳಿಗೆ ಬೇಗ ಸತ್ತುಹೋಗುತ್ತದೆ. ಸತ್ತದ್ದರಲ್ಲಿ ಪ್ರಿಂಟ್ ಹಾಕಿದರೆ ಬಿಳಿಚಿದ ಮುಖ ಬಿಳಿಚಿಯೇ ಉಳಿಯುತ್ತದೆ. ಅವಳು ಒಂದು ದಿನವೂ ತೂಕ ಅಳತೆ ಮಾಡಿದವಳಲ್ಲ. ಒಂದು ಚಮಚ ಹಾಕುವುದು, ಕದಡುವುದು, ಬಗ್ಗಿ ಮೂಸುವುದು. ಮೂಗು ಚುರ್ರೆಂದರೆ ಸರಿ, ಇಲ್ಲದಿದ್ದರೆ ಇನ್ನೊಂದು ಚಮಚ. ಈಗ ಬಗ್ಗಿ ಎಷ್ಟು ಮೂಸಿದರೂ ಬಾವಿ ನೀರು ಮೂಸಿದ ಹಾಗೆ.

ಆದರೆ ಮನೆಯಲ್ಲಿ ಮೂಗುಗಳಿಗೇನು ಬರವೇ? ನಾಲ್ಕು ಜನ ಹೊತ್ತು ತಿರುಗುತ್ತಿದ್ದಾರೆ. ಅದರಲ್ಲೂ ಪಿಟೀಲಿನ ಮೂಗು ಬಲು ಚುರುಕು. ಅವಳು ಮೂಗು ಹಿಡಿದಳೆಂದರೆ ನೀರು ಸರಿಯಾಗಿದೆ, ಎದ್ದು ಓಡಿದಳೆಂದರೆ ಹೆಚ್ಚಾಗಿದೆ. ಈ ಉಪಾಯ ಹೊಳೆದಾಗ ಬಣ್ಣದಮ್ಮನಿಗೆ ಎಷ್ಟೋ ಹಗುರವಾಯಿತು.

ಜ್ವರದ ನಂತರ ಮೊದಲ ಸಲ ತಟ್ಟೆ ಹರಡಿದ ದಿನ ಪಿಟೀಲು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಅಜ್ಜಿ ಹರಳು ಹಾಕಿ ಕದಡಿ, ಓರೆಗಣ್ಣಿನಿಂದ ನೋಡಿದಳು. ಹುಡುಗಿಯ ಎರಡೂ ಕೈ ಮೊಣಕಾಲ ಮೇಲೇ ಇದ್ದವು.

"ಏನೇ, ಇವತ್ತು ಬಹಳ ಸುಮ್ನೆ ಕೂತಿದ್ದೀಯಾ?"

"ಲೆಕ್ಕ ಮಾಡ್ತಿದ್ದೀನಜ್ಜಿ," ಎಂದಳು ಹುಡುಗಿ, ಉಸಿರು ಬಿಡದೆ.

ಇನ್ನೊಂದು ಚಮಚ. ಸೊಸೆ ಒಣಗಿದ ಬಟ್ಟೆ ತೆಗೆಯಲು ಬಂದಳು, ಕಿಟಕಿ ಹಾಕಲಿಲ್ಲ. "ಆಯ್ತಾ ಅತ್ತೆ? ಅವಸರ ಮಾಡ್ಬೇಡಿ, ನಿಧಾನಕ್ಕೆ ಮಾಡಿ," ಎಂದು ನಕ್ಕಳು ಬೇರೆ. ಬಣ್ಣದಮ್ಮ ಹರಳಿನ ಡಬ್ಬಿಯನ್ನು ಮತ್ತೆ ಹತ್ತಿರಕ್ಕೆಳೆದಳು. ನಾತವೇ ಬರುತ್ತಿಲ್ಲ, ಅದಕ್ಕೇ ನಗುತ್ತಿದ್ದಾಳೆ! ಹರಳು ಪೂರ್ತಿ ಸತ್ತಿದೆ! ಇನ್ನೆರಡು ಚಮಚ ಸುರಿದಳು.

ಅಲ್ಲಿಂದ ಮುಂದೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಪ್ರಿಂಟುಗಳೇನೋ ಕಂದಾಗಿ ಬರುತ್ತಿದ್ದವು, ಆದರೆ ಮೂಲೆಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿತು. ಬೊಬ್ಬೆ ಬಂದ ಫೋಟೋ ಹಿಡಿದು ಗಂಡನ ಮೇಲೆ ಹೋದಳು.

"ನಿಮ್ಮ ಪೇಪರ್ ಸರಿಯಿಲ್ಲ."

"ನನ್ನ ಪೇಪರ್‌ಗೆ ಏನಾಗಿದೆ? ಈಗ ದುಡ್ಡು ಕೊಟ್ರೂ ಸಿಗದೇ ಇರೋ ಮಾಲು."

"ಅದಕ್ಕೇ ಗುಳ್ಳೆ ಬರ್ತಿದೆ. ಮುದಿಯಾಗಿದೆ."

"ಮುದಿಯಾದದ್ದು ಪೇಪರ್ರೇ ಅಂತ ಏನು ಗ್ಯಾರಂಟಿ?" ಎಂದರು ಯಜಮಾನರು. ಅಂದ ತಕ್ಷಣ ಏನೋ ನೆನಪಾದವರಂತೆ ತುಟಿ ಕಚ್ಚಿಕೊಂಡು, "ಇರ್ಲಿ ಬಿಡು, ನೋಡೋಣ," ಎಂದು ಡಾರ್ಕ್‌ರೂಮಿಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಮದುವೆಯಾದಾಗಿನಿಂದ ಅವರು ಒಂದು ಜಗಳವನ್ನೂ ಅರ್ಧಕ್ಕೆ ಬಿಟ್ಟವರಲ್ಲ.

ಊಟದ ಹೊತ್ತೂ ವಿಚಿತ್ರವಾಯಿತು. ಸೊಸೆ ದಿನಕ್ಕೊಂದು ನೆಪ ಹುಡುಕಿ ಊಟವನ್ನು ಮುಂದಿನ ಕೋಣೆಗೆ ಸಾಗಿಸಿದಳು. ಒಂದು ದಿನ ಅಲ್ಲಿ ಬೆಳಕು ಚೆನ್ನಾಗಿದೆಯಂತೆ, ಇನ್ನೊಂದು ದಿನ ಗಾಳಿ ಚೆನ್ನಾಗಿದೆಯಂತೆ. ಗಿರಾಕಿಗಳಿಗೆಂದು ಹಾಕಿದ ಬೆಂಚಿನ ಮೇಲೆ ತಟ್ಟೆ ಇಟ್ಟುಕೊಂಡು, ಹಿಂದೆ ತೂಗುಬಿಟ್ಟ ಹಿಮಪರ್ವತದ ಪರದೆಯ ಮುಂದೆ ಎಲ್ಲರೂ ಸಾಲಾಗಿ ಕೂತು ಉಂಡರು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಪಿಟೀಲು ತುತ್ತು ನುಂಗಲು ಒದ್ದಾಡುತ್ತಿದ್ದಳು. ಬಣ್ಣದಮ್ಮ ಎಲ್ಲರ ಮುಖವನ್ನೂ ನೋಡಿ ನೋಡಿ, ಬೇಳೆಗೆ ಏನಾದರೂ ಹೆಚ್ಚುಕಡಿಮೆಯಾಗಿದೆಯೇ, ಹಳಸಿದ್ದನ್ನೇ ಬಡಿಸಿದೆನೇ ಎಂದು ಒಳಗೇ ಬೆಂದುಹೋದಳು.

"ಅಡುಗೆ ಹೇಗಿದೆ?"

"ಚೆನ್ನಾಗಿದೆ," ಎಂದರು ದೊಡ್ಡವರು ಮೂವರೂ ಒಟ್ಟಿಗೆ.

"ಅಮ್ಮಾ, ಆ ಇನ್ನೊಂದು ಟೋನರ್ ಇದೆಯಲ್ಲ..." ಎಂದು ಮಗ ಶುರುಮಾಡಿದ. ಬೆಂಚಿನ ಕೆಳಗೆ ಏನೋ ಬಡಿದ ಸದ್ದಾಯಿತು. "ಅಯ್ಯಪ್ಪಾ," ಎಂದು ಮೊಣಕಾಲು ಹಿಡಿದುಕೊಂಡ. ಸೊಸೆ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಬೇಡವೇ ಬೇಡ," ಎಂದಳು ಬಣ್ಣದಮ್ಮ. ನಾತವಿಲ್ಲದ ಟೋನರ್ ಬಂದರೆ ತನ್ನ ಕಷ್ಟವೆಲ್ಲ ತೀರುತ್ತದೆಂದು ಅವಳಿಗೆ ತಿಳಿಯದೇ ಇರಲಿಲ್ಲ. ಆದರೆ ಇಷ್ಟು ವರ್ಷ ಹಟ ಹಿಡಿದವಳು ಈಗ ಒಮ್ಮೆಲೇ ಹೂಂ ಎಂದರೆ ಯಾಕೆಂದು ಕೇಳುವುದಿಲ್ಲವೇ? "ನಾನು ಬದುಕಿರೋವರೆಗೂ ಸಲ್ಫೈಡೇ," ಎಂದು ಇನ್ನೂ ಜೋರಾಗಿ ಹೇಳಿದಳು. ಯಾರೋ ನಿಟ್ಟುಸಿರು ಬಿಟ್ಟರು. ಯಾರೆಂದು ತಿಳಿಯಲಿಲ್ಲ.

ಆ ಹೊತ್ತಿಗೆ ಬೀದಿಯ ತುದಿಯ ಬೇಕರಿಯ ಅಕ್ಕತಂಗಿಯರು ಬಂದರು. ಇಬ್ಬರಿಗೂ ವಯಸ್ಸಾಗಿತ್ತು, ತಿಂಗಳ ಕೊನೆಗೆ ಬೇಕರಿ ಮುಚ್ಚುವವರಿದ್ದರು. ಒಲೆಯ ಮುಂದೆ ನಿಂತು ಒಂದು ಫೋಟೋ ಬೇಕು, ಅದೂ ಕಂದು ಬಣ್ಣದ್ದೇ ಬೇಕು, ಅಕ್ಕನಿಗೊಂದು, ತಂಗಿಗೊಂದು.

"ಒಂದೇ ಸಾಕಾಗಲ್ವಾ? ಒಂದೇ ಮನೇಲಿದ್ದೀರಿ," ಎಂದರು ಯಜಮಾನರು.

"ಮುಂದೆ ಇರಲ್ಲ," ಎಂದಳು ಅಕ್ಕ. "ಇವಳು ಮಗಳ ಮನೆಗೆ ಹೋಗ್ತಾಳೆ. ನನ್ನ ದಾರಿ ನನಗೆ."

ಯಜಮಾನರು ಬೇಕರಿಗೇ ಹೋಗಿ ಫೋಟೋ ತೆಗೆದರು, ತಮ್ಮ ಹಳೆಯ ಪೇಪರಿನಲ್ಲಿ ಎರಡು ಪ್ರಿಂಟ್ ಹಾಕಿದರು. ಮೊಣಕೈವರೆಗೆ ಹಿಟ್ಟಾಗಿದ್ದ ಇಬ್ಬರು ಹೆಂಗಸರು, ಹಿಂದೆ ಬಾಯಿ ತೆರೆದ ಒಲೆ. ತುಂಬಾ ಚೆನ್ನಾಗಿ ಬಂದಿತ್ತು. ಬಣ್ಣದಮ್ಮನ ಕೈಗೆ ಕೊಡುವಾಗ, "ಇದಕ್ಕೆ ಗುಳ್ಳೆ ಬರೋದು ಬೇಡ," ಎಂದಷ್ಟೇ ಹೇಳಿದರು.

ಮರುದಿನ ಮಧ್ಯಾಹ್ನ ಅವಳು ಹಿಂಜಗಲಿಯಲ್ಲಿ ಕೂತಳು. ಜ್ವರದಿಂದ ಎದ್ದ ತಾಯಿಗೆ ಶೀತಗಾಳಿ ಹೊಡೆಯಬಾರದೆಂದು ಮಗ ಸುತ್ತಲೂ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದ; ಒಳಗೆ ಬೆಚ್ಚಗಿತ್ತು. ಪಿಟೀಲು ಹೊಸ್ತಿಲ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಎರಡೂ ಪ್ರಿಂಟುಗಳನ್ನು ಮೊದಲ ತಟ್ಟೆಯಲ್ಲಿ ಬಿಳಿಚಿಸಿ, ತೊಳೆಯಲು ನೀರಿಗೆ ಬಿಟ್ಟದ್ದಾಯಿತು. ಅಕ್ಕತಂಗಿಯರು ಕಂಡೂ ಕಾಣದಂತಾದರು. ಈಗ ಸಲ್ಫೈಡ್. ಹಿಂದಿನ ವಾರದ್ದು ತಟ್ಟೆ ತುಂಬ ಇತ್ತು, ಚಮಚದ ಮೇಲೆ ಚಮಚ ಸುರಿದದ್ದು. ಆದರೂ ಯಾರೂ ಮೂಗು ಮುಚ್ಚುತ್ತಿಲ್ಲವೆಂದರೆ ಈ ವಾರದೊಳಗೆ ಅದು ಸತ್ತದ್ದೇ ಸೈ. ಚೆಲ್ಲಿ ಹೊಸದಾಗಿ ಕಲಸೋಣ ಎಂದುಕೊಂಡಳು.

ನಲ್ಲಿಯ ಕೆಳಗೆ ಒಂದು ಬಕೆಟ್ ನೀರಿತ್ತು. ಅದು ನೀರಲ್ಲ. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಇನ್ನಷ್ಟು ಕಪ್ಪಾಗದಂತೆ ತಡೆಯಲು ಬಳಸುವ ಹುಳಿ ನೀರು. ಚೆಲ್ಲಲು ತಂದಿದ್ದ ಯಜಮಾನರು ಗಿರಾಕಿ ಕರೆದನೆಂದು ಹಾಗೇ ಇಟ್ಟು ಹೋಗಿದ್ದರು. ಹತ್ತಿರ ಹೋದರೆ ಸಾಕು, ಹುಳಿ ಮೂಗಿಗೆ ಅಡರುತ್ತದೆ. ಹುಳಿಯೂ ಸಲ್ಫೈಡೂ ಒಂದಕ್ಕೊಂದು ಸೇರಲೇಬಾರದೆಂಬುದು ಆ ಮನೆಯ ಮಗುವಿಗೂ ಗೊತ್ತು. ಬಣ್ಣದಮ್ಮ ತಟ್ಟೆ ಎತ್ತಿ ಸಲ್ಫೈಡನ್ನೆಲ್ಲ ಬಕೆಟ್ಟಿಗೆ ಸುರಿದಳು.

ಬಕೆಟ್ಟು ಹಾಲಿನಂತೆ ಬೆಳ್ಳಗಾಗಿ ನೊರೆಗಟ್ಟಿತು. ಇದೇನಿದು ಎಂದು ಅವಳು ಬಗ್ಗಿ ನೋಡಿದಳು.

"ಅಜ್ಜಿ, ತಲೆ ಒಂಥರಾ ಆಗ್ತಿದೆ..."

ತಿರುಗಿ ನೋಡುವಷ್ಟರಲ್ಲಿ ಪಿಟೀಲು ಬಾಗಿಲಿನ ಚೌಕಟ್ಟಿಗೆ ಒರಗಿ ಕೆಳಗೆ ಜಾರುತ್ತಿದ್ದಳು. ಹಿಡಿಯಲು ಹೋದ ಬಣ್ಣದಮ್ಮನಿಗೆ ಕಣ್ಣಿಗೆ ಕಾರ ಎರಚಿದಂತಾಯಿತು, ಮೊಣಕಾಲು ಕುಸಿಯಿತು. ಕೂಗಬೇಕೆಂದರೆ ಗಂಟಲು ಕಟ್ಟಿತ್ತು. ಆಗಷ್ಟೇ ಕೆಲಸದಿಂದ ಬಂದು ಚೀಲ ಇಡುತ್ತಿದ್ದ ಸೊಸೆ, ಉಸಿರು ಬಿಗಿಹಿಡಿದು ನುಗ್ಗಿ, ಪ್ಲಾಸ್ಟಿಕ್ ಹಾಳೆಯನ್ನು ಸರ್ರನೆ ಹರಿದು, ಮಗುವನ್ನು ಅಂಗಳಕ್ಕೆ ಎಳೆದು ಹಾಕಿದಳು. ಮತ್ತೆ ಬಂದು ಅತ್ತೆಯ ರಟ್ಟೆ ಹಿಡಿದು ಎಳೆದಳು.

ಆಸ್ಪತ್ರೆಯಲ್ಲಿ ಇಬ್ಬರ ಮುಖಕ್ಕೂ ಆಕ್ಸಿಜನ್ ಕಟ್ಟಿದರು. ಸಂಜೆಯ ಹೊತ್ತಿಗೆ ಹುಡುಗಿ ಬಿಸ್ಕತ್ತು ಬೇಕೆಂದು ರಾಗ ತೆಗೆದಳು, ಎಲ್ಲರಿಗೂ ಹೋದ ಜೀವ ಬಂತು. "ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದಿದ್ರೆ..." ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಸೊಸೆ ಕೇಳಿದಳು. "ಅತ್ತೆ, ವಾಸನೆ ಬರ್ಲಿಲ್ವಾ ನಿಮಗೆ?"

ಹೇಳಿಬಿಡಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಕಣ್ಣ ಮುಂದೆ ಆ ಕುರ್ಚಿ ನಿಂತುಬಿಟ್ಟಿತು.

"ಬಂತು," ಎಂದಳು.

"ಬಂತಾ?"

"ಬಂತು. ದಿನಾ ಬರೋದೇ ಅಲ್ವಾ ಅಂದ್ಕೊಂಡೆ."

ಸೊಸೆ ಅವಳತ್ತ ಪೂರ್ತಿ ತಿರುಗಿದಳು. "ವಾಸನೆ ಬಂದ್ರೂ ನನ್ನ ಮಗೂನ ಅಲ್ಲೇ ಕೂರಿಸ್ಕೊಂಡಿದ್ರಿ," ಎಂದಳು. ಎದ್ದು ಹೋಗಿ ಇನ್ನೊಂದು ಬೆಂಚಿನ ಮೇಲೆ ಕೂತಳು.

ಆಮೇಲಿನ ದಿನಗಳಲ್ಲಿ ಮನೆಯೊಳಗೆ ಮಾತು ಸತ್ತಿತು. ಪಿಟೀಲು ಶಾಲೆಯಿಂದ ನೇರವಾಗಿ ಪಕ್ಕದ ಮನೆಗೆ ಹೋಗುತ್ತಿದ್ದಳು. ಅಮ್ಮ ಕೆಲಸದಿಂದ ಬಂದು ಕರೆತಂದ ಮೇಲೆಯೇ ಒಳಗೆ ಕಾಲಿಡುತ್ತಿದ್ದಳು. ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಯ ಹಾಸಿಗೆ ಅಪ್ಪ-ಅಮ್ಮನ ಕೋಣೆಗೆ ಹೋಯಿತು. ಸೊಸೆ ಅತ್ತೆಗೆ ಬಡಿಸುತ್ತಿದ್ದಳು, ಬೇಕಾ ಸಾಕಾ ಎಂದು ಕೇಳುತ್ತಿರಲಿಲ್ಲ. ಕೆಲಸ ಬೇಕೆಂದು ಬಣ್ಣದಮ್ಮ ಸುಳ್ಳು ಹೇಳಿದ್ದಳು, ಈಗ ಕೆಲಸವೂ ಇಲ್ಲ, ಮಗುವೂ ಇಲ್ಲ. ಬಣ್ಣದಮ್ಮ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು, ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸಿದಳು. ಆಗಾಗ ಹೋಗಿ ಪಕ್ಕದ ಮನೆಯ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಯಜಮಾನರು ತಮ್ಮ ಮೇಲೆಯೇ ಸಿಟ್ಟಾಗಿ ಎಲ್ಲರ ಮೇಲೂ ಹಾಯುತ್ತಿದ್ದರು. "ಬಕೆಟ್ ಇಟ್ಟವನು ನಾನು, ಒಪ್ಪಿದೆ. ಆದ್ರೆ ಹುಳಿ ನೀರು ಅಂತ ನಿನಗೆ ಗೊತ್ತಾಗ್ಲಿಲ್ವೇನೇ?"

"ಗಮನ ಇರ್ಲಿಲ್ಲ."

"ಗಮನ ಇಲ್ಲದೆ ಕೆಲಸ ಮಾಡೋ ಪೈಕಿನೇ ಅಲ್ಲ ನೀನು."

ಅವರ ಸಂಕಟ ಇನ್ನೂ ಒಂದಿತ್ತು. ಆ ವಿಷಗಾಳಿ ಡಾರ್ಕ್‌ರೂಮಿಗೂ ನುಗ್ಗಿ, ತೆರೆದಿಟ್ಟ ಪೇಪರಿನ ಪೆಟ್ಟಿಗೆಯನ್ನು ಹಾಳುಮಾಡಿತ್ತು. ಯಾವ ಹಾಳೆಯನ್ನು ತೊಳೆದರೂ ಬೂದಿ ಬಣ್ಣ. ಬೇಕರಿಯವರ ಫೋಟೋ ಮತ್ತೆ ಹಾಕೋಣವೆಂದರೆ ಪೇಪರಿಲ್ಲ. ಇದ್ದದ್ದು ಬಿಳಿಚಿ ಒಣಗಿದ ಆ ಎರಡೇ ಪ್ರಿಂಟು. ಮಗ ಯಾರನ್ನೂ ಕೇಳದೆ ನಾತವಿಲ್ಲದ ಟೋನರ್ ತರಿಸಿದ.

"ನಾನೇ ಮಾಡ್ತೀನಿ," ಎಂದ. "ನೀನು ಕೂತ್ಕೋ ಅಮ್ಮ." ಅಂದವನೇ ಒಂದು ಕುರ್ಚಿ ತಂದು ಹಾಕಿದ.

ಬಣ್ಣದಮ್ಮ ಕೂತಳು. ತಕ್ಷಣ ಎದ್ದಳು. ಮತ್ತೆ ಕೂತಳು.

ಮರುದಿನ ಮಧ್ಯಾಹ್ನ ಅವಳು ಅದೇ ಕುರ್ಚಿಯಲ್ಲಿದ್ದಾಗ ಪಿಟೀಲು ಬಂದಳು. ಪಕ್ಕದ ಮನೆಗೆ ಬೀಗ ಹಾಕಿತ್ತು. ಹುಡುಗಿ ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು. ತನ್ನ ಮೊಮ್ಮಗಳು ತನಗೆ ಹೆದರುತ್ತಿದ್ದಾಳೆಂದು ಬಣ್ಣದಮ್ಮನಿಗೆ ಆಗ ಅರ್ಥವಾಯಿತು. ಜ್ವರ ಬಂದಾಗಲೂ ಅವಳಿಗೆ ಅಷ್ಟು ಸಂಕಟವಾಗಿರಲಿಲ್ಲ.

"ಒಳಗೆ ಬಾ ಪುಟ್ಟಿ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಡ್ತೀನಿ."

"ಬೇಡ." ಹುಡುಗಿ ಕಾಲಲ್ಲಿ ಹೊಸ್ತಿಲನ್ನು ಒದೆಯುತ್ತ ನಿಂತಳು. ಆಮೇಲೆ, "ಅಜ್ಜಿ, ನಿನಗೆ ವಾಸನೆ ಬಂದಿತ್ತಂತಲ್ಲ. ಮತ್ತೆ ನನ್ನನ್ನ ಯಾಕೆ ಎದ್ದು ಹೋಗು ಅನ್ಲಿಲ್ಲ?"

ಬಣ್ಣದಮ್ಮ ಕುರ್ಚಿಯ ಕೈಗಳನ್ನು ಹಿಡಿದುಕೊಂಡಳು.

"ಬಂದಿರ್ಲಿಲ್ಲ ಕಣೇ."

"ಅಮ್ಮನ ಹತ್ರ ಬಂತು ಅಂದ್ಯಂತೆ?"

"ಸುಳ್ಳು ಹೇಳಿದೆ. ಜ್ವರ ಬಂದಾಗಿಂದ ನನಗೆ ಯಾವ ವಾಸನೇನೂ ಬರ್ತಿಲ್ಲ. ಈರುಳ್ಳಿದೂ ಇಲ್ಲ, ಸೋಪಿಂದೂ ಇಲ್ಲ. ನಿನ್ನ ತಲೆ ಮೂಸಿದ್ರೆ ನಿನ್ನ ವಾಸನೇನೂ ಇಲ್ಲ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. "ಬಂದಿದ್ರೆ ನಿನ್ನನ್ನ ಅಲ್ಲಿ ಬಿಡ್ತಿದ್ನಾ?"

ಪಿಟೀಲು ಬಾಯಿ ಬಿಟ್ಟುಕೊಂಡು ನಿಂತಳು. ನೋಡನೋಡುತ್ತ ಅವಳ ಮುಖ ಸಿಟ್ಟಿನಿಂದ ಕೆಂಪಗಾಯಿತು.

"ಹಾಗಾದ್ರೆ ನಾವೆಲ್ಲ ಮೂಗು ಮುಚ್ಚದೆ ಒದ್ದಾಡಿದ್ದು ಸುಮ್‌ಸುಮ್ನೇನಾ?"

"ಏನಂದೆ?"

"ಅಮ್ಮ ಹೇಳಿದ್ಲು! ಅಜ್ಜಿಗೆ ಹುಷಾರಿರಲಿಲ್ಲ, ಪಾಪ, ಮನಸ್ಸಿಗೆ ನೋವಾಗುತ್ತೆ, ವಾಸನೆ ಬಗ್ಗೆ ಯಾರೂ ಉಸಿರೆತ್ತಬಾರದು ಅಂತ. ನಾನು ಬೇಸಿಗೆವರೆಗೂ ಮೂಗು ಮುಚ್ಚದೇ ಇದ್ರೆ ಸೈಕಲ್ ಕೊಡಿಸ್ತೀನಿ ಅಂದಿದ್ಲು. ತಾತ ನಿನ್ನ ಮುಂದೆ ಉಸಿರು ಕಟ್ಟಿಕೊಂಡು, ಆಮೇಲೆ ಬೀದಿಗೆ ಹೋಗಿ ಕೆಮ್ಮೋದು. ಎಷ್ಟು ನಾತ ಗೊತ್ತಾ ಅಜ್ಜಿ! ಯಾವತ್ತೂ ಅಷ್ಟು ನಾತ ಇರ್ಲಿಲ್ಲ! ಕ್ಲಾಸಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ!"

"ಅಯ್ಯೋ ದೇವರೇ," ಎಂದಳು ಬಣ್ಣದಮ್ಮ. "ನೀವು ಸುಮ್ನಿದ್ರಿ ಅಂತ ನಾನು ಇನ್ನೂ ಹಾಕಿದೆ. ಇನ್ನೂ ಇನ್ನೂ ಹಾಕಿದೆ. ಗುಳ್ಳೆ ಬಂದದ್ದೂ ಅದಕ್ಕೇ."

ಹುಡುಗಿಯ ಹಿಂದೆ ಸೊಸೆ ನಿಂತಿದ್ದಳು. ಪಕ್ಕದ ಮನೆಗೆ ಬೀಗ ಕಂಡು ಗಾಬರಿಯಿಂದ ಓಡಿಬಂದವಳು, ಕೈಯಲ್ಲಿ ಚೀಲ ಹಾಗೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು ಅತ್ತೆ," ಎಂದಳು.

"ನೀವು ಯಾರಾದ್ರೂ ಒಂದ್ಸಲ ಮೂಗು ಮುಚ್ಚಿದ್ರೆ ಸಾಕಿತ್ತಮ್ಮ."

ಸೊಸೆ ಚೀಲವನ್ನು ನೆಲಕ್ಕೆ ಎಸೆದಳು. "ನನ್ನ ಮೇಲೇ ಹಾಕ್ಬೇಡಿ! ವಾಂತಿ ಬರೋ ಹಾಗಿದ್ರೂ ಕಿಟಕಿ ತೆಗೆದಿಟ್ಟುಕೊಂಡು ನಕ್ಕಿದ್ದೀನಿ ನಿಮಗೋಸ್ಕರ. ನಿಮ್ಮ ಮಗನ ಕಾಲಿಗೆ ಒದ್ದಿದ್ದೀನಿ. ಆಸ್ಪತ್ರೇಲಿ ಕೇಳಿದಾಗ್ಲಾದ್ರೂ ನಿಜ ಹೇಳ್ಬಾರದಿತ್ತಾ? ನಮ್ಮತ್ತೆ ನನ್ನ ಮಗೂನ ಬೇಕಂತಲೇ ಅಲ್ಲಿ ಬಿಟ್ರು ಅಂತ ಇಷ್ಟು ದಿನ ನಂಬ್ಕೊಂಡು ಬದುಕಿದ್ದೀನಿ. ಅದು ನನಗೆ ಹೇಗಿತ್ತು ಗೊತ್ತಾ?"

"ಹೇಳಿದ್ರೆ ಕೂರಿಸ್ತಿದ್ರಿ."

"ಎಲ್ಲಿ?"

"ಇಲ್ಲೇ." ಬಣ್ಣದಮ್ಮ ಕುರ್ಚಿಯ ಕೈಯನ್ನು ತಟ್ಟಿದಳು.

ಸೊಸೆ ಇಲ್ಲವೆನ್ನಲಿಲ್ಲ. ನೆಲದ ಮೇಲೆ ಬಿದ್ದ ಚೀಲವನ್ನು ಎತ್ತಿಕೊಂಡು, ಅದರ ಧೂಳು ಕೊಡವಿದಳು.

"ಒಲೆ ನೀವೊಬ್ರೇ ಹಚ್ಚೋ ಹಾಗಿಲ್ಲ ಇನ್ಮೇಲೆ," ಎಂದಳು ಕೊನೆಗೆ. "ಗ್ಯಾಸ್ ಸೋರಿದ್ರೂ ಗೊತ್ತಾಗಲ್ಲ ನಿಮಗೆ. ಯಾರಾದ್ರೂ ಜೊತೇಲಿರಬೇಕು. ಅದರಲ್ಲಿ ಮಾತಿಲ್ಲ."

"ಹೂಂ."

"ಆ ದರಿದ್ರ ಸಲ್ಫೈಡ್ ಈ ಮನೆಯೊಳಗೆ ಬರೋ ಹಾಗಿಲ್ಲ."

"ಹೂಂ," ಎಂದಳು ಬಣ್ಣದಮ್ಮ.

"ಇನ್ನು ಟೋನಿಂಗ್..." ಸೊಸೆ ತಡೆದಳು. "ನಿಮ್ಮ ಮಗ ನಿನ್ನೆ ಹಾಳು ಪ್ರಿಂಟ್ ಮೇಲೆ ಮಾಡಿ ನೋಡಿದ್ರು. ಹಳದಿ ಹಳದಿಯಾಗಿ ಬಂತು. ಕಾಮಾಲೆ ಬಂದ ಹಾಗಿದೆ. ಆ ಹೆಂಗಸರಿಗೆ ಅದನ್ನ ಕೊಡೋಕಾಗುತ್ತಾ?"

ಭಾನುವಾರ ಬೆಳಗ್ಗೆ ಹಿಂಜಗಲಿಯಲ್ಲಿ ಎಲ್ಲರೂ ಸೇರಿದರು. ಪ್ಲಾಸ್ಟಿಕ್ ಹಾಳೆ ಇರಲಿಲ್ಲ, ತಣ್ಣನೆ ಗಾಳಿ ನೇರವಾಗಿ ಬರುತ್ತಿತ್ತು. ಮಗ ಎರಡು ಬಾಟಲಿ ತಂದಿಟ್ಟ. ಎರಡನ್ನೂ ಸೇರಿಸಬೇಕಂತೆ, ಎರಡನೆಯದು ಹೆಚ್ಚಿದಷ್ಟೂ ಬಣ್ಣ ಗಾಢವಂತೆ.

"ನೀನು ಎಷ್ಟು ಹಾಕಿದ್ದೆ?"

"ಕಾಗದದಲ್ಲಿ ಬರೆದಿದ್ದಷ್ಟು."

"ಕಾಗದ ಆ ಫೋಟೋ ನೋಡಿದೆಯೇನೋ?"

ಬಣ್ಣದಮ್ಮ ಕಪ್ಪು-ಬಿಳುಪಿನಲ್ಲೇ ಕೆಟ್ಟುಹೋದ ಒಂದು ಹಳೆಯ ಪ್ರಿಂಟನ್ನು ಚೂರು ಚೂರು ಕತ್ತರಿಸಿ ಬಿಳಿಚಿಸಿದಳು. ಎರಡನೆಯ ಬಾಟಲಿಯಿಂದ ಸ್ವಲ್ಪ ಹಾಕಿ ಒಂದು ಚೂರನ್ನು ಇಳಿಸಿದಳು. ಹಳದಿ. ಇನ್ನೂ ಸ್ವಲ್ಪ ಹಾಕಿದಳು. ಇಟ್ಟಿಗೆಯ ಬಣ್ಣ. ಅಭ್ಯಾಸಬಲದಿಂದ ಬಗ್ಗಿ ಮೂಸಲು ಹೋದವಳು ಅರ್ಧಕ್ಕೇ ನಿಂತಳು. ಎಲ್ಲರೂ ನೋಡಿದರು. ಅವಳು ತಟ್ಟೆಯನ್ನು ಬೆಳಕಿಗೆ ತಿರುಗಿಸಿ ಇನ್ನೊಂದು ಚೂರು ಇಳಿಸಿದಳು, ಇನ್ನೊಂದು, ಮತ್ತೊಂದು. ಕೊನೆಯದನ್ನು ಎತ್ತಿ ಹಿಡಿದಾಗ ಯಜಮಾನರು, "ಅದೇ," ಎಂದರು. ಅದೇ ಕಂದು. ಇಷ್ಟು ವರ್ಷ ಮನೆಮಂದಿಯ ಮೂಗು ಸುಟ್ಟು ತೆಗೆದ ಬಣ್ಣ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಅಮ್ಮಾ," ಎಂದ ಮಗ, ಹೊಟ್ಟೆಯಲ್ಲಿದ್ದದ್ದು ತಡೆಯಲಾರದೆ, "ಇದನ್ನ ಯಾವತ್ತೋ ತರಿಸಬಹುದಿತ್ತು."

"ಬಾಯಿ ಮುಚ್ಕೊಂಡು ಪ್ರಿಂಟ್ ಕೊಡು."

ಒದ್ದೆ ಮಾಡಿದ ಮೊದಲ ಪ್ರಿಂಟನ್ನು ಅವಳು ಒಳಗೆ ಜಾರಿಸಿದಳು, ಸೊಸೆ ಕೇಳದೆಯೇ ತಟ್ಟೆಯ ಆಚೆ ಅಂಚನ್ನು ಹಿಡಿದು ಅಲುಗಾಡಿಸತೊಡಗಿದಳು. ಒಲೆಯ ಬಾಯಿ ಮೊದಲು ಬಂತು, ಆಮೇಲೆ ಅಕ್ಕನ ತೋಳು, ಹಿಟ್ಟಿನ ಗುರುತು, ತಂಗಿಯ ಹುಬ್ಬು. ಪಿಟೀಲು ಅಜ್ಜಿಯ ಹೆಗಲ ಮೇಲೆ ಗದ್ದವಿಟ್ಟು ಬಗ್ಗಿದಳು. ಮೂಗನ್ನು ತಟ್ಟೆಯವರೆಗೂ ಒಯ್ದು ಜೋರಾಗಿ ಎಳೆದಳು, ಮತ್ತೊಮ್ಮೆ ಎಳೆದಳು.

"ಅಜ್ಜಿ, ಇದರಲ್ಲಿ ಏನೂ ವಾಸನೇನೇ ಬರ್ತಿಲ್ಲ!"

"ಹೌದೇನೇ?" ಎಂದಳು ಬಣ್ಣದಮ್ಮ, ಪ್ರಿಂಟಿನಿಂದ ಕಣ್ಣು ತೆಗೆಯದೆ, ಎಲ್ಲರಿಗೂ ಕೇಳುವ ಹಾಗೆ. "ನನಗೂ ಬರ್ತಿಲ್ಲ."